ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮುನ್ನ



ಸೆಪ್ಟೆಂಬರ್ ತಿಂಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಕಾರಣಕ್ಕೆ ಗಡಿಬಿಡಿಯ ತಿಂಗಳು. ಒಂದು, ಮಾತೆ ಮರಿಯಮ್ಮನವರ ಜನನೋತ್ಸವ. ಅದರ ನವದಿನ ಪ್ರಾರ್ಥನೆ, ತೇರು, ಮೆರವಣಿಗೆ. ಇನ್ನೊಂದು, ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ. ಹಬ್ಬ ಮುಗಿದು, ದಸರಾ ರಜೆಯೂ ಮುಗಿದು ಶಾಲೆ ಮತ್ತೆ ತೆರೆದ ಮೇಲೆ ಮಾರ್ಕ್ಸ್ ಕಾರ್ಡು ಮನೆಗೆ ಬರುತ್ತದೆ. ಆ ದಿನಗಳಲ್ಲಿ ಭಾನುವಾರದ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಗುರುಗಳ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಒಂದೇ: "ಫಾದರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಮಾರ್ಕ್ಸ್ ನೋಡಿದ್ರೆ ಹೊಟ್ಟೆ ಉರಿಯುತ್ತೆ." ಪಕ್ಕದಲ್ಲಿ ಹುಡುಗ ತಲೆ ತಗ್ಗಿಸಿ ಚಪ್ಪಲಿಯಿಂದ ಮಣ್ಣು ಕೆದಕುತ್ತಾ ನಿಂತಿರುತ್ತಾನೆ.

"ಎಷ್ಟು ಬಂತು?" ಎಂದರೆ ತಾಯಿ ಥಟ್ಟನೆ ಒಂದು ಸಂಖ್ಯೆ ಹೇಳುತ್ತಾರೆ. "ಎಷ್ಟಕ್ಕೆ? ಯಾವ ಪಾಠದಲ್ಲಿ ಹೋಯಿತು?" ಎಂದರೆ ಮೌನ. ಬುದ್ಧಿ ಹೇಳುವುದಾದರೂ ಯಾವುದರ ಬಗ್ಗೆ? ಇದು ತಂದೆತಾಯಿಯರ ತಪ್ಪೆಂದು ನಾನು ಹೇಳಲಾರೆ. ಆ ಕಾರ್ಡನ್ನು ಓದುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಸಹಿ ಹಾಕುವ ಜಾಗವನ್ನು ಮಾತ್ರ ತೋರಿಸಿದ್ದಾರೆ. ಆದ್ದರಿಂದ ಈ ಬಾರಿ ಈ ಪುಟಗಳಲ್ಲಿ ಆ ಕಾರ್ಡನ್ನೇ ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ರಾಜ್ಯದ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ ನಡೆಯುತ್ತವೆ. ಮಕ್ಕಳ ಬಾಯಲ್ಲಿ ಅವು ಎಫ್‌ಎ ಮತ್ತು ಎಸ್‌ಎ. ಹೆಸರು ದೊಡ್ಡದು, ಸಂಗತಿ ಸಣ್ಣದು. ಕಲಿಯುತ್ತಿರುವಾಗಲೇ ನಡುನಡುವೆ ನೋಡುವುದು ಎಫ್‌ಎ. ಅಡುಗೆ ಮಾಡುವಾಗ ಸಾರಿನ ಉಪ್ಪು ನೋಡಿದ ಹಾಗೆ. ಅರ್ಧ ವರ್ಷದ ಪಾಠ ಮುಗಿದ ಮೇಲೆ ಒಟ್ಟಾಗಿ ನೋಡುವುದು ಎಸ್‌ಎ. ಎಲೆಗೆ ಬಡಿಸಿದ ಹಾಗೆ. ಉಪ್ಪು ಕಡಿಮೆಯಿದ್ದರೆ ಒಲೆಯ ಮೇಲಿರುವಾಗಲೇ ಹಾಕಬಹುದು. ಹೀಗಾಗಿ ಎಫ್‌ಎ ಅಂಕ ಕಡಿಮೆ ಬಂದಾಗ ಗದರಿಸುವುದಕ್ಕಿಂತ ಯಾಕೆಂದು ಕೇಳುವುದೇ ಲಾಭ; ಅದಿರುವುದೇ ಅದಕ್ಕಾಗಿ.

ಮೊದಲ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ಎಲ್ಲ ಪರೀಕ್ಷೆಗಳೂ ಒಂದೇ ಗರಿಷ್ಠ ಅಂಕಕ್ಕೆ ಇರುವುದಿಲ್ಲ. ಜುಲೈ ತಿಂಗಳ ಪರೀಕ್ಷೆ 15 ಅಂಕಕ್ಕೆ, ಸೆಪ್ಟೆಂಬರಿನದು 20 ಅಂಕಕ್ಕೆ ಎಂದಿಟ್ಟುಕೊಳ್ಳಿ. ಮಗಳಿಗೆ ಮೊದಲು 12 ಬಂತು, ಆಮೇಲೆ 14 ಬಂತು. ಎರಡು ಅಂಕ ಏರಿತೆಂದು ಮನೆಯಲ್ಲಿ ಸಂತೋಷ. ಆದರೆ 15ಕ್ಕೆ 12 ಎಂದರೆ ನೂರಕ್ಕೆ 80. 20ಕ್ಕೆ 14 ಎಂದರೆ ನೂರಕ್ಕೆ 70. ಏರಿಲ್ಲ, ಇಳಿದಿದೆ. ಇದರ ತಿರುಗುಮುರುಗೂ ಆಗುತ್ತದೆ: ನಿಜವಾಗಿ ಮೇಲೆ ಬಂದ ಮಗು ಅದೇ ದಿನ ಬೈಸಿಕೊಂಡಿರುತ್ತದೆ. ಅಂಕದ ಪಕ್ಕದಲ್ಲಿ "ಗರಿಷ್ಠ" ಎಂಬ ಕಲಂ ಇರುತ್ತದೆ. ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ಎರಡನೆಯದು ಶ್ರೇಣಿ. 90ರಿಂದ 100 ಬಂದರೆ ಎ+, 70ರಿಂದ 89 ಬಂದರೆ ಎ, 50ರಿಂದ 69 ಬಿ+, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಇದು ನಮ್ಮ ಪ್ರಾಥಮಿಕ ಶಾಲೆಗಳ ಲೆಕ್ಕ. ಈ ಮೆಟ್ಟಿಲುಗಳು ಎಷ್ಟು ಅಗಲವಾಗಿವೆ ಎಂಬುದನ್ನು ಗಮನಿಸಿ. ಒಂದು ಮಗು ವರ್ಷವಿಡೀ ಕಷ್ಟಪಟ್ಟು 71ರಿಂದ 88ಕ್ಕೆ ಬಂದರೂ ಕಾರ್ಡಿನಲ್ಲಿ ಅದೇ ಎ. ಇನ್ನೊಂದು ಮಗು 89ರಿಂದ 90ಕ್ಕೆ ಹೋದರೆ ಎ+, ಮನೆಯಲ್ಲಿ ಕೇಕು. ಒಂದೇ ಒಂದು ಅಂಕ, ಅದೂ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಬಂದದ್ದಿರಬಹುದು. "ಹೋದ ಸಲ ಎ+, ಈ ಸಲ ಎ, ಏನಾಯ್ತು ನಿನಗೆ?" ಎಂದು ಕೈ ಎತ್ತುವ ಮುನ್ನ ಎಷ್ಟರಿಂದ ಎಷ್ಟಕ್ಕೆ ಇಳಿಯಿತೆಂದು ನೋಡುವುದು ನ್ಯಾಯ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬೈಸಿಕೊಳ್ಳುವ ಮಗುವಲ್ಲ, ಯಾರೂ ಬೈಯದ ಮಗು. ಪ್ರತಿ ವರ್ಷ ಬಿ ಅಥವಾ ಬಿ+ ತರುವ ಮಗು. ತಂದೆತಾಯಿಗೆ ಅದು ಸಾಧಾರಣ ಸಮಾಧಾನ, ಪಾಸಾಗುತ್ತಾನಲ್ಲ, ಸಾಕು. ಈ ಶ್ರೇಣಿಯ ಹಿಂದೆ ಏನಿದೆ ಎಂದು ನೋಡಿ. ಎಫ್‌ಎ ಅಂಕದಲ್ಲಿ ಬರವಣಿಗೆಯ ಕಿರುಪರೀಕ್ಷೆಯ ಜೊತೆಗೆ ಚಟುವಟಿಕೆ, ಯೋಜನೆ, ಚಾರ್ಟು ಇವೂ ಸೇರಿರುತ್ತವೆ. ಉದ್ದೇಶ ಒಳ್ಳೆಯದೇ, ಬರೆಯಲು ಕಷ್ಟಪಡುವ ಮಗು ಮಾಡಿ ತೋರಿಸಲಿ ಎಂಬುದು ಅದರ ಆಶಯ. ಆದರೆ ಆ ಚಾರ್ಟನ್ನು ಬರೆದದ್ದು ಯಾರು? ರಾತ್ರಿ ಹನ್ನೊಂದರವರೆಗೆ ಕುಳಿತು ಅಕ್ಕ ಬರೆದದ್ದು, ಇಲ್ಲವೇ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಪ್ರಿಂಟ್ ತೆಗೆಸಿ ಅಂಟಿಸಿದ್ದು. ಅಂಕ ಮಾತ್ರ ಹುಡುಗನದು. ಹೀಗೆ ಬಿ+ ಹೊತ್ತುಕೊಂಡೇ ಏಳನೇ ತರಗತಿಗೆ ಬಂದು, ಒಂದು ಪುಟ ಕನ್ನಡವನ್ನು ತಡವರಿಸದೆ ಓದಲಾಗದ ಮಕ್ಕಳು ನಮ್ಮ ಧರ್ಮೋಪದೇಶದ ತರಗತಿಗಳಲ್ಲೂ ಇದ್ದಾರೆ. ಪುಸ್ತಕ ಕೈಗೆ ಕೊಟ್ಟು ಓದು ಎಂದಾಗ ಅವರು ಕೆಮ್ಮುತ್ತಾರೆ, ನೀರು ಕುಡಿಯಬೇಕು ಎನ್ನುತ್ತಾರೆ, ಪಕ್ಕದವನಿಗೆ ದಾಟಿಸುತ್ತಾರೆ. ನಾವು ಅದನ್ನು ತುಂಟತನ ಎಂದುಕೊಳ್ಳುತ್ತೇವೆ.

ಮುಂದಿನ ತರಗತಿಗೆ ಹೋಗಿದ್ದಾನೆ ಎಂಬುದೂ ಕಲಿತಿದ್ದಾನೆ ಎಂಬುದಕ್ಕೆ ಸಾಕ್ಷಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಬಂದಾಗ ಎಂಟನೇ ತರಗತಿಯವರೆಗೆ ಯಾರನ್ನೂ ಅದೇ ತರಗತಿಯಲ್ಲಿ ಉಳಿಸಬಾರದೆಂದು ಹೇಳಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳ ವಿಷಯವನ್ನು ರಾಜ್ಯಗಳ ತೀರ್ಮಾನಕ್ಕೆ ಬಿಟ್ಟಿತು. ನಪಾಸಾದ ಅವಮಾನಕ್ಕೆ ಶಾಲೆ ಬಿಡುತ್ತಿದ್ದ ಮಕ್ಕಳನ್ನು ಉಳಿಸಿಕೊಳ್ಳಲು ಮಾಡಿದ ಕಾನೂನು ಅದು. ನನಗೆ ಅದರ ಮೇಲೆ ಆಕ್ಷೇಪವಿಲ್ಲ. ಆದರೆ ಎಚ್ಚರಿಕೆಯ ಗಂಟೆ ಬಾರಿಸುತ್ತಿದ್ದ ಜಾಗದಲ್ಲಿ ಈಗ ಗಂಟೆಯಿಲ್ಲ. ಆ ಕೆಲಸ ಮನೆಗೆ ಬಂದಿದೆ.

ಹತ್ತನೇ ತರಗತಿಯ ಅಂಕಪಟ್ಟಿಯಲ್ಲೂ ಇಂಥದೇ ಒಂದು ಮರೆ ಉಂಟು. ಪ್ರಥಮ ಭಾಷೆಯನ್ನು ಬಿಟ್ಟರೆ ಎಸ್ಎಸ್ಎಲ್‌ಸಿಯ ವಿಷಯಗಳಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಗಣಿತದಲ್ಲಿ 50 ಬಂತು ಎಂದರೆ ಅರ್ಧ ಬಂತೆಂದು ಅರ್ಥವಲ್ಲ. ಆಂತರಿಕ 19, ಬರವಣಿಗೆ 31 ಇರಬಹುದು. ಎಂಬತ್ತಕ್ಕೆ ಮೂವತ್ತೊಂದು! ಪಿಯುಸಿಯಲ್ಲಿ ವಿಜ್ಞಾನ ಕೊಡಿಸಬೇಕೆಂದು ಸಾಲ ಮಾಡುವ ಮುನ್ನ ಈ ಎರಡು ಕಲಂಗಳನ್ನು ಬೇರೆ ಬೇರೆ ಮಾಡಿ ನೋಡಬೇಕು.

ಇಡೀ ರಾಜ್ಯದ ಅಂಕಿಗಳೂ ಹೀಗೆಯೇ. 2023ರಲ್ಲಿ ಎಸ್ಎಸ್ಎಲ್‌ಸಿ ಫಲಿತಾಂಶ ಶೇಕಡಾ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ನಮ್ಮ ಮಕ್ಕಳ ಬುದ್ಧಿ ಅಷ್ಟು ಕಡಿಮೆಯಾಯಿತೇ? ಇಲ್ಲ. ಅಳೆಯುವ ರೀತಿ ಬದಲಾಯಿತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಉತ್ತೀರ್ಣತೆಯ ಗೆರೆಯನ್ನು ಶೇಕಡಾ 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಗೆರೆ ಇಳಿದಾಗ ಪಾಸಾಗುವವರು ಹೆಚ್ಚುತ್ತಾರೆ, ಗಣಿತ ಬಲ್ಲವರು ಹೆಚ್ಚುವುದಿಲ್ಲ. ಇನ್ನು ಬೆಂಗಳೂರಿನಲ್ಲಿರುವ ತಂಗಿಯ ಮಗ ಸಿಬಿಎಸ್‌ಇ ಶಾಲೆಯಲ್ಲಿ ಎ1 ತಂದ ಎಂದು ನಿಮ್ಮ ಮಗನನ್ನು ಹಂಗಿಸುವವರಿಗೊಂದು ಮಾತು. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ಎ1 ಎಂದರೆ ಆ ವಿಷಯದಲ್ಲಿ ಪಾಸಾದವರ ಸಾಲಿನಲ್ಲಿ ಮೇಲಿನ ಎಂಟನೇ ಒಂದು ಭಾಗದಲ್ಲಿದ್ದಾನೆ ಎಂದು. ನಮ್ಮ ಎ+ ಎಂದರೆ 90 ದಾಟಿದ್ದಾನೆ ಎಂದು. ಒಂದು ಸಾಲಿನಲ್ಲಿನ ಜಾಗ, ಇನ್ನೊಂದು ಗಳಿಸಿದ ಅಂಕ. ಸೇರನ್ನು ಮೊಳದ ಜೊತೆ ಹೋಲಿಸಿದ ಹಾಗೆ. ಪ್ರವೇಶ ಪರೀಕ್ಷೆಗಳ ಪರ್ಸೆಂಟೈಲ್ ಕೂಡ ಸಾಲಿನ ಜಾಗವೇ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ 90 ಅಂಕ ಅಲ್ಲ, ಪರೀಕ್ಷೆ ಬರೆದವರಲ್ಲಿ ಸುಮಾರು ಶೇಕಡಾ 90 ಮಂದಿ ಅವನ ಹಿಂದೆ ಇದ್ದಾರೆ ಎಂದರ್ಥ.

ಹಾಗಾದರೆ ತಂದೆತಾಯಿ ನೋಡಬೇಕಾದದ್ದು ಏನನ್ನು? ಉತ್ತರಪತ್ರಿಕೆಯನ್ನು. ಕಾರ್ಡಿನಲ್ಲಿ ಇಲ್ಲದ್ದೆಲ್ಲ ಅದರಲ್ಲಿದೆ. ಶಾಲೆಯಲ್ಲಿ ಕೇಳಿದರೆ ತೋರಿಸುತ್ತಾರೆ. ಸರ್ಕಾರಿ ಶಾಲೆಗಳಲ್ಲಿ "ಸಮುದಾಯದತ್ತ ಶಾಲೆ" ಎಂಬ ಕಾರ್ಯಕ್ರಮವೇ ಉಂಟು. ಪೋಷಕರನ್ನು ಕರೆದು ಮಕ್ಕಳ ಕಲಿಕೆಯನ್ನು ಮುಂದಿಡುವ ದಿನ ಅದು.

ಒಂದು ಉದಾಹರಣೆ ನೋಡೋಣ. 42ರಿಂದ 17ನ್ನು ಕಳೆ ಎಂಬ ಲೆಕ್ಕಕ್ಕೆ ಮಗು 35 ಎಂದು ಬರೆದಿದೆ. ಕೆಂಪು ಶಾಯಿಯ ತಪ್ಪು ಗುರುತು ಬಿದ್ದಿದೆ. ಈ ತಪ್ಪನ್ನು ಸ್ವಲ್ಪ ಹೊತ್ತು ನೋಡಿ. ಮಗು ಗಮನವಿಲ್ಲದೆ ಬರೆದದ್ದಲ್ಲ ಇದು. 2ರಿಂದ 7 ಕಳೆಯಲಾಗದು, ಆದ್ದರಿಂದ 7ರಿಂದ 2ನ್ನು ಕಳೆದಿದೆ, 5 ಬಂದಿದೆ. 4ರಿಂದ 1 ಕಳೆದು 3. ತನ್ನದೇ ಒಂದು ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ. ಹತ್ತರ ಮನೆಯಿಂದ ಸಾಲ ತರುವುದು ಅದಕ್ಕೆ ಅರ್ಥವಾಗಿಲ್ಲ, ಅಷ್ಟೇ. ಈ ಮಗುವಿಗೆ ಇಂಥ ಐವತ್ತು ಲೆಕ್ಕ ಮಾಡು ಎಂದು ಶಿಕ್ಷೆ ಕೊಟ್ಟರೆ ಅದು ಐವತ್ತು ಸಲವೂ ಹಾಗೆಯೇ ತಪ್ಪು ಮಾಡಿ ಆ ತಪ್ಪನ್ನು ಗಟ್ಟಿ ಮಾಡಿಕೊಳ್ಳುತ್ತದೆ. ನಾಲ್ಕು ಹತ್ತು ರೂಪಾಯಿಯ ನೋಟು, ಎರಡು ಒಂದು ರೂಪಾಯಿಯ ನಾಣ್ಯ ಅದರ ಮುಂದಿಟ್ಟು "ನನಗೆ 17 ರೂಪಾಯಿ ಕೊಡು" ಎನ್ನಿ. ಮಗು ತಾನಾಗಿಯೇ "ಚಿಲ್ಲರೆ ಬೇಕಲ್ಲ" ಎನ್ನುತ್ತದೆ. ಒಂದು ನೋಟನ್ನು ಮುರಿಸಿ ಹತ್ತು ನಾಣ್ಯ ಮಾಡಿಕೊಡಿ. ಸಾಲ ತರುವುದು ಎಂದರೆ ಇದೇ.

ಇನ್ನೊಂದು: 824ನ್ನು 4ರಿಂದ ಭಾಗಿಸಿ 26 ಎಂದು ಬರೆದಿದ್ದಾಳೆ ಮಗಳು. ಬರಬೇಕಾದದ್ದು 206. ಅವಳಿಗೆ ಭಾಗಾಕಾರ ಬರುತ್ತದೆ. ನಡುವಿನ ಸೊನ್ನೆ ಬಿಟ್ಟುಹೋಗಿದೆ. "824 ರೂಪಾಯಿ ನಾಲ್ಕು ಜನ ಹಂಚಿಕೊಂಡರೆ ತಲೆಗೆ ಬರೀ 26 ರೂಪಾಯಿಯೇ?" ಎಂದು ಕೇಳಿದರೆ ನಕ್ಕು ತಿದ್ದಿಕೊಳ್ಳುತ್ತಾಳೆ. ಕೂಡುವ ಕಳೆಯುವ ಲೆಕ್ಕಗಳೆಲ್ಲ ಸರಿ, ಆದರೆ ವಾಕ್ಯದ ರೂಪದಲ್ಲಿ ಕೊಟ್ಟ ಲೆಕ್ಕಗಳೆಲ್ಲ ಖಾಲಿ ಎಂದಾದರೆ ಅಲ್ಲಿರುವುದು ಗಣಿತದ ತೊಂದರೆಯೇ ಅಲ್ಲ. ಮಗುವಿಗೆ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಬರುತ್ತಿಲ್ಲ. ಗಣಿತದ ಟ್ಯೂಷನ್‌ಗೆ ತಿಂಗಳಿಗೆ ಐನೂರು ಸುರಿದರೂ ಅದು ಸರಿಹೋಗದು.

ಓದು ಎಂಬುದೇ ಎಲ್ಲದರ ಬುಡ. ಮಗುವಿಗೆ ಓದಲು ಬರುತ್ತದೆಯೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಪ್ರಥಮ್ ಎಂಬ ಸಂಸ್ಥೆ 2005ರಿಂದ ಹಳ್ಳಿಗಳಲ್ಲಿ 'ಅಸರ್' ಎಂಬ ಸಮೀಕ್ಷೆ ನಡೆಸುತ್ತಿದೆ. ಮನೆಮನೆಗೆ ಹೋಗಿ ಮಕ್ಕಳಿಗೆ ಅಕ್ಷರ, ಪದ, ಒಂದನೇ ತರಗತಿಯ ನಾಲ್ಕು ವಾಕ್ಯ, ಎರಡನೇ ತರಗತಿಯ ಒಂದು ಪುಟ್ಟ ಕಥೆ ಇರುವ ಹಾಳೆ ಕೊಟ್ಟು ಓದಿಸುತ್ತಾರೆ. ಅಷ್ಟೇ ಪರೀಕ್ಷೆ. 2024ರ ಸಮೀಕ್ಷೆಯಲ್ಲಿ ಭಾರತದ ಹಳ್ಳಿಗಳ ಐದನೇ ತರಗತಿಯ ಮಕ್ಕಳಲ್ಲಿ ಶೇಕಡಾ 48.8 ಮಂದಿ ಮಾತ್ರ ಆ ಎರಡನೇ ತರಗತಿಯ ಕಥೆಯನ್ನು ಓದಿದರು. ಅರ್ಧದಷ್ಟು ಮಕ್ಕಳಿಗೆ ಆಗಲಿಲ್ಲ. ಅವರೆಲ್ಲರ ಕೈಯಲ್ಲೂ ಶಾಲೆಯ ಮಾರ್ಕ್ಸ್ ಕಾರ್ಡುಗಳು ಇದ್ದಿರಬೇಕಲ್ಲವೇ?

ಈ ಪರೀಕ್ಷೆಯನ್ನು ನೀವೂ ಮನೆಯಲ್ಲಿ ಮಾಡಬಹುದು. ಎರಡನೇ ತರಗತಿಯ ಕನ್ನಡ ಪುಸ್ತಕವನ್ನು ಎಲ್ಲಿಂದಾದರೂ ಎರವಲು ತನ್ನಿ. ಮಗು ಐದರಲ್ಲಿರಲಿ, ಎಂಟರಲ್ಲಿರಲಿ, ಮೊದಲೇ ಬಾಯಿಪಾಠ ಇಲ್ಲದ ಒಂದು ಪುಟ ತೆರೆದು ಗಟ್ಟಿಯಾಗಿ ಓದಿಸಿ. ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳಿಸಿಕೊಳ್ಳಿ. ಬಹಳಷ್ಟು ಮಕ್ಕಳು ಕಾಗುಣಿತದವರೆಗೆ ಬಂದು ಒತ್ತಕ್ಷರದಲ್ಲಿ ಸಿಕ್ಕಿಕೊಳ್ಳುತ್ತಾರೆ. "ಅಮ್ಮ", "ಅಕ್ಕ" ಸಲೀಸು. "ವಿಸ್ತೀರ್ಣ", "ರಾಷ್ಟ್ರ" ಬಂದಾಗ ಗಂಟಲು ಕಟ್ಟುತ್ತದೆ. ಸಮಾಜ ವಿಜ್ಞಾನದ ಪುಸ್ತಕದ ತುಂಬ ಇಂಥ ಪದಗಳೇ. ಹುಡುಗನಿಗೆ ಚರಿತ್ರೆ ಬರುವುದಿಲ್ಲ ಎಂದು ನಾವು ಕೊರಗುತ್ತೇವೆ, ಅವನಿಗೆ ಬಾರದಿರುವುದು ಒತ್ತಕ್ಷರ. ದಿನಕ್ಕೆ ಹತ್ತು ಪದ ಬರೆದು ಓದಿಸಿದರೆ ಕೆಲವು ತಿಂಗಳಲ್ಲಿ ಗುಣ ಕಾಣುತ್ತದೆ. ಆದರೆ ಈ ಓದಿಸುವಿಕೆಯನ್ನು ನೆಂಟರ ಮುಂದೆ ಮಾಡಬೇಡಿ, ತಮ್ಮ ತಂಗಿಯರ ಮುಂದೆಯೂ ಬೇಡ.

ಕುಟುಂಬ ಪ್ರಾರ್ಥನೆಯ ವಿಷಯ ಇಲ್ಲಿ ನೆನಪಾಗುತ್ತದೆ. ನಮ್ಮ ಮನೆಗಳಲ್ಲಿ ಸಂಜೆ ಜಪಸರದ ಹೊತ್ತಿಗೆ ವಾಚನ ಓದುವವರು ಯಾರು? ಚೆನ್ನಾಗಿ ಓದುವ ಮಗಳು, ಪ್ರತಿದಿನವೂ ಅವಳೇ. ತಡವರಿಸುವವನಿಗೆ ಆ ಅವಕಾಶ ಯಾವತ್ತೂ ಬರುವುದಿಲ್ಲ. ಅವನಿಗೂ ಒಂದೆರಡು ವಾಕ್ಯ ಕೊಡಿ. ಮೊದಲೇ ಒಂದು ಸಲ ತಾಯಿಯ ಹತ್ತಿರ ಕುಳಿತು ಓದಿಕೊಂಡು ಬರಲಿ. ನಿಧಾನವಾದರೆ ಆಗಲಿ, ದೇವರಿಗೆ ಅವಸರವಿಲ್ಲ.

"ನಮಗೇ ಓದು ಬರಲ್ಲ ಸ್ವಾಮಿ, ನಾವೇನು ಹೇಳಿಕೊಡೋದು?" ಎನ್ನುವ ತಾಯಂದಿರಿಗೆ ಈ ಮಾತು. ಹೇಳಿಕೊಡುವ ಕೆಲಸ ಶಿಕ್ಷಕರದು. ಕೇಳಿಸಿಕೊಳ್ಳುವ ಕೆಲಸ ನಿಮ್ಮದು, ಅದಕ್ಕೆ ಅಕ್ಷರ ಬೇಡ. ಅಕ್ಕಿ ಆರಿಸುತ್ತಾ ಕುಳಿತಾಗ "ಇವತ್ತಿನ ಪಾಠ ನನಗೆ ಕಥೆ ಥರ ಹೇಳು" ಎನ್ನಿ. ತಿಳಿದಿದ್ದರೆ ಮಗು ತನ್ನ ಮಾತಿನಲ್ಲಿ ಹೇಳುತ್ತದೆ; ಬಾಯಿಪಾಠ ಮಾಡಿದ್ದರೆ ಪುಸ್ತಕದ ಮಾತನ್ನೇ ಗಡಗಡ ಒಪ್ಪಿಸಿ ನಡುವೆ ತಡೆದಾಗ ಮೊದಲಿಂದ ಶುರು ಮಾಡುತ್ತದೆ. ಇದನ್ನು ಗುರುತಿಸಲು ಯಾವ ತಾಯಿಗೆ ಪದವಿ ಬೇಕು? ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇದು ಇನ್ನೂ ಅಗತ್ಯ. ಬಾಷ್ಪೀಭವನದ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದವಳನ್ನು "ಒಗೆದ ಬಟ್ಟೆಯ ನೀರು ಎಲ್ಲಿಗೆ ಹೋಗುತ್ತಮ್ಮಾ?" ಎಂದು ಮನೆಮಾತಿನಲ್ಲಿ ಕೇಳಿ ನೋಡಿ. ಕನ್ನಡವೋ ಕೊಂಕಣಿಯೋ ತಮಿಳೋ, ಮನೆಮಾತಿನಲ್ಲಿ ಹೇಳಬಲ್ಲದ್ದು ಮಾತ್ರ ನಿಜಕ್ಕೂ ತಲೆಗೆ ಇಳಿದದ್ದು.

ಲೆಕ್ಕಕ್ಕೂ ಬೇರೆ ಪುಸ್ತಕ ಬೇಡ. ಕರೆಂಟು ಬಿಲ್ಲಿನಲ್ಲಿ ಹಿಂದಿನ ತಿಂಗಳ ರೀಡಿಂಗ್, ಈ ತಿಂಗಳ ರೀಡಿಂಗ್ ಇರುತ್ತದೆ. ಕಳೆದು ಎಷ್ಟು ಯೂನಿಟ್ ಎಂದು ಹೇಳಲಿ. ಡೇರಿಗೆ ಹಾಲು ಹಾಕುವ ಮನೆಯಾದರೆ ಲೀಟರು, ಫ್ಯಾಟು, ದರ ಎಲ್ಲ ಚೀಟಿಯಲ್ಲಿದೆ. ದಶಮಾಂಶ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಸ್ವಸಹಾಯ ಸಂಘದ ಪಾಸ್‌ಬುಕ್ಕಿನ ಬಡ್ಡಿ ಲೆಕ್ಕ ಏಳನೇ ತರಗತಿಯ ಪಾಠವೇ. ತಂದೆಯರು ಇದರಲ್ಲಿ ಕೈಹಾಕಬೇಕು. ಮಕ್ಕಳ ಓದು ತಾಯಿಯ ಇಲಾಖೆ, ಸಹಿ ಮತ್ತು ಬೈಗುಳ ತಂದೆಯ ಇಲಾಖೆ ಎಂಬ ಹಂಚಿಕೆ ಅನೇಕ ಮನೆಗಳಲ್ಲಿದೆ.

ಒಂದರಿಂದ ಮೂರನೇ ತರಗತಿಯ ತಾಯಂದಿರ ದೂರು ಬೇರೆ. "ಸರ್ಕಾರಿ ಶಾಲೇಲಿ ಬರೀ ಆಟ ಆಡಿಸ್ತಾರೆ, ಪರೀಕ್ಷೇನೇ ಇಲ್ಲ." ಅದು ನಲಿಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯಲ್ಲಿ ನೋಡಿ ಬಂದು ತಮ್ಮ ಶಾಲೆಗಳಲ್ಲಿ ಶುರು ಮಾಡಿದ ಪದ್ಧತಿ ಅದು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಅಲ್ಲಿ ಕಲಿಕೆಯ ಏಣಿ ಎಂಬುದಿದೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದು ಶಿಕ್ಷಕರಿಗೆ ಗೊತ್ತಿರುತ್ತದೆ. ಹೋಗಿ ಕೇಳಿ. ನೂರಕ್ಕೆ ಎಷ್ಟು ಎಂಬುದಕ್ಕಿಂತ ಆ ಉತ್ತರದಿಂದ ನಿಮಗೆ ಹೆಚ್ಚು ಉಪಯೋಗ. ದೊಡ್ಡ ತರಗತಿಗಳ ಶಿಕ್ಷಕರನ್ನೂ "ಹೇಗೆ ಓದ್ತಾನೆ ಸರ್?" ಎಂದು ಕೇಳಬೇಡಿ, "ಪರವಾಗಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಯಾವ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ? ಮನೆಯಲ್ಲಿ ಏನು ಮಾಡಿಸಲಿ?" ಎಂದು ಕೇಳಿ.

ಹೊಡೆತದ ಬಗ್ಗೆ ಎರಡು ಮಾತು. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ನೋವು ಕೊಡುವುದನ್ನೂ ಶಿಕ್ಷಣ ಹಕ್ಕು ಕಾಯಿದೆಯೇ ನಿಷೇಧಿಸಿದೆ. ಮನೆಯಲ್ಲಿ ಬೆಲ್ಟು ತೆಗೆಯುವವರಿಗೆ ಕಾಯಿದೆಯ ಮಾತಿಗಿಂತ ಒಂದು ಪ್ರಶ್ನೆ ಸಾಕು: ಏಟು ತಿಂದ ಮಗು ಮುಂದಿನ ಸಲ ಕಲಿಯುವುದು ಏನನ್ನು? ಕಾರ್ಡನ್ನು ಬ್ಯಾಗಿನ ಅಡಿಯಲ್ಲಿ ಬಚ್ಚಿಡುವುದನ್ನು, ಅಪ್ಪನ ಸಹಿಯನ್ನು ತಾನೇ ಹಾಕುವುದನ್ನು. ಅಲ್ಲಿಗೆ ನಿಮಗೆ ಸಿಗುತ್ತಿದ್ದ ಸುದ್ದಿಯೂ ನಿಂತುಹೋಗುತ್ತದೆ.

ಫಲಿತಾಂಶದ ದಿನಗಳಲ್ಲಿ, ಅದರಲ್ಲೂ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿಯ ಮಕ್ಕಳಿರುವ ಮನೆಗಳಲ್ಲಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಪತ್ರಿಕೆಗಳಲ್ಲಿ ಆ ವಾರ ಬರುವ ಸುದ್ದಿಗಳನ್ನು ನೀವೂ ಓದಿದ್ದೀರಿ. ಅಂಥ ಮನೆಗೆ ಹೋಗಿ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತ ತಂದೆತಾಯಿಗೆ ಹೇಳಲು ಯಾವ ಗುರುವಿನ ಬಳಿಯೂ ಮಾತಿರುವುದಿಲ್ಲ. ಫಲಿತಾಂಶಕ್ಕೆ ಮುಂಚೆಯೇ, ಬಾಯಿಬಿಟ್ಟು, "ಏನೇ ಬರಲಿ ಊಟಕ್ಕೆ ಮನೆಗೆ ಬಾ" ಎಂದು ಹೇಳಿರಿ. ಅವನಿಗೆ ಗೊತ್ತಿರುತ್ತದೆ ಬಿಡಿ ಎಂದುಕೊಳ್ಳಬೇಡಿ. 2024ರಲ್ಲಿ ಎಸ್ಎಸ್ಎಲ್‌ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ ಬಂತು. ಒಮ್ಮೆ ಹೋದರೆ ವರ್ಷವೇ ಹೋಯಿತೆಂಬ ಕಾಲ ಅಲ್ಲ ಇದು. ಮಗು ಮಾತು ಬಿಟ್ಟು, ಊಟ ಬಿಟ್ಟು ಕುಳಿತರೆ 14416 ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಮಕ್ಕಳ ಸಹಾಯವಾಣಿ 1098.

ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಮೇಲೆ ಕಾಲೇಜು ಓದುವ ನಾಲ್ಕೈದು ಯುವಕ ಯುವತಿಯರು ಒಂದು ಗಂಟೆ ಸಭಾಂಗಣದಲ್ಲಿ ಕುಳಿತಿರುತ್ತಾರೆ. ಟ್ಯೂಷನ್ ಅಲ್ಲ, ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದಷ್ಟೇ ಅವರ ಕೆಲಸ. ಬೇರೆ ಧರ್ಮಕೇಂದ್ರಗಳಲ್ಲೂ ಇದನ್ನು ಶುರು ಮಾಡಲು ಖರ್ಚೇನಿಲ್ಲ, ಒಂದು ಕರಿಹಲಗೆ, ಎರಡನೇ ತರಗತಿಯ ಒಂದಷ್ಟು ಹಳೆಯ ಪುಸ್ತಕ ಸಾಕು. ಮಕ್ಕಳನ್ನು ಕಳುಹಿಸುವಾಗ ಮಾರ್ಕ್ಸ್ ಕಾರ್ಡು ಬೇಕಿಲ್ಲ, ಉತ್ತರಪತ್ರಿಕೆ ಕೊಟ್ಟು ಕಳುಹಿಸಿ. ಅದು ಶಾಲೆಯಲ್ಲೇ ಉಳಿದಿದ್ದರೆ ಗಣಿತದ ನೋಟ್ಸ್ ಪುಸ್ತಕವಾದರೂ ಆದೀತು.